ಕತ್ತು ನಿಲ್ಲದ ಕೂಸುಗಳ ತಾಯಿ

ನಮ್ಮ ದೊಡ್ಡವ್ವನ ಎಡಗೈ ಎಂದೂ ನೆಟ್ಟಗೆ ಇಳಿಬೀಳುತ್ತಿರಲಿಲ್ಲ. ಸುಮ್ಮನೆ ಕೂತಿದ್ದಾಗಲೂ ಅದು ಮೊಣಕೈಯಲ್ಲಿ ಮಡಿಚಿಕೊಂಡು, ಒಂದು ಕೂಸಿನ ತಲೆಗೆ ಆಗುವಷ್ಟು ಜಾಗ ಬಿಟ್ಟುಕೊಂಡಿರುತ್ತಿತ್ತು. ಒಂದರ ಹಿಂದೆ ಒಂದು ಮೂರು ಕೂಸುಗಳ ತಲೆಯನ್ನು ವರ್ಷಗಟ್ಟಲೆ ಹೊತ್ತ ಕೈ ಅದು. ಮೂರೂ ಹುಟ್ಟಿದಾಗ ಚೆಂದವಿದ್ದವಂತೆ, ನಗುತ್ತಲೂ ಇದ್ದವಂತೆ. ಆದರೆ ಕತ್ತು ನಿಲ್ಲುತ್ತಿರಲಿಲ್ಲ. ಆಮೇಲೆ ನಗು ಹೋಗುತ್ತಿತ್ತು, ಕಣ್ಣು ಹೋಗುತ್ತಿತ್ತು, ಕೊನೆಗೆ ಕೂಸೇ ಹೋಗುತ್ತಿತ್ತು. ಮೂರನೆಯದನ್ನು ನಾನೇ ಕಂಡಿದ್ದೇನೆ. ಕದ ಹಾಕಿದ ಸಪ್ಪಳಕ್ಕೂ ಅದರ ಮೈಯೆಲ್ಲ ಬೆಚ್ಚಿಬೀಳುತ್ತಿತ್ತು. ಅದು ಹೋಗಿ ಎಷ್ಟೋ ವರ್ಷವಾದರೂ ಆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ನಮ್ಮದು ಕಂಪ್ಲಿಯಲ್ಲಿ ಕಬ್ಬು ಬೆಳೆಯುವ ಮನೆತನ. ಹೊಲವೂ ಹೊರಗೆ ಹೋಗಬಾರದು, ಹೆಣ್ಣೂ ಹೊರಗೆ ಹೋಗಬಾರದು ಎಂದು ಅವಳನ್ನು ಸೋದರಮಾವನಿಗೇ ಕೊಟ್ಟಿದ್ದರು. ಹೀಗಾಗಿ ಅವಳ ಅಜ್ಜಿಯೇ ಅವಳಿಗೆ ಅತ್ತೆ. ಆ ಮುದುಕಿಗೆ ಗೊತ್ತಿಲ್ಲದ ಕಾರಣವೇ ಲೋಕದಲ್ಲಿ ಇರಲಿಲ್ಲ. ಮೊದಲ ಬಸಿರಿನಲ್ಲಿ ಸೂರ್ಯಗ್ರಹಣ ಹಿಡಿದಿದ್ದಾಗ ದೊಡ್ಡವ್ವ ಎಮ್ಮೆಗೆ ಹಾಕಲು ಒಂದು ಜೋಳದ ದಂಟು ಮುರಿದಿದ್ದಳು. "ನೀ ದಂಟು ಮುರದಿ, ಕೂಸಿನ ಕತ್ತು ಮುರೀತು," ಎಂದು ಮುದುಕಿ ಅಂದಳು. ಅದೇ ತೀರ್ಪಾಯಿತು. ಎರಡನೆಯ ಬಸಿರಿನ ಗ್ರಹಣಕ್ಕೆ ದೊಡ್ಡವ್ವ ಕತ್ತಲೆಕೋಣೆಯಲ್ಲಿ ಬೆರಳೂ ಮಡಚದೆ ಹೆಣದ ಹಾಗೆ ಮಲಗಿದ್ದಳು. ಮೂರನೆಯದಕ್ಕೆ ಗ್ರಹಣವೇ ಬರಲಿಲ್ಲ. ಹಳೆಯ ದೋಷ ಬೆನ್ನು ಬಿಟ್ಟಿಲ್ಲ ಅಂದರು. ಪಾಪ, ಅವಳೂ ನಂಬಿದಳು. ನಾವು ಹುಡುಗಿಯರು ದಂಟು ಮುರಿದು ಆಡುತ್ತಿದ್ದರೆ ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು.

ಕೊನೆಗೆ ಅವಳ ಗಂಡನಿಗೆ ಬಂಡ್ರಿಯಿಂದ, ಏನೂ ನಂಟಿಲ್ಲದ ಮನೆಯಿಂದ, ಇನ್ನೊಂದು ಹೆಣ್ಣು ತಂದರು. ಅವಳನ್ನು ನಾವು ಚಿಗವ್ವ ಅನ್ನುತ್ತಿದ್ದೆವು. ಅವಳಿಗೆ ಹುಟ್ಟಿದ ಗಂಡುಕೂಸು ಮೂರು ತಿಂಗಳಿಗೇ ಕತ್ತೆತ್ತಿ ಸುತ್ತಲೂ ನೋಡಿತು. ದೊಡ್ಡವ್ವ ಅದನ್ನು ನೆಲಕ್ಕೆ ಬಿಡಲಿಲ್ಲ. ಹಾಲೂಡುವುದಷ್ಟೇ ಹೆತ್ತವಳ ಕೆಲಸ, ಎರೆಯುವುದು, ಉಣಿಸುವುದು, ಮಲಗಿಸುವುದು ಎಲ್ಲ ಇವಳದೇ. ಹುಡುಗ ಓಡಾಡುವಷ್ಟು ದೊಡ್ಡವನಾದರೂ ಕರೆದು ಕರೆದು ಅವನ ಕತ್ತು ಮುಟ್ಟಿ ನೋಡುತ್ತಿದ್ದಳು.

"ಅವನ ಕತ್ತೇನ್ ಯಾರರ ಕದ್ಕೊಂಡು ಹೊಕ್ಕಾರೇನ್ ದೊಡ್ಡವ್ವ?" ಎಂದು ನಾನು ಛೇಡಿಸಿದರೆ, "ಹಂಗನಬ್ಯಾಡ," ಅನ್ನುತ್ತಿದ್ದಳು. ನಗುತ್ತಿರಲಿಲ್ಲ.

ಹುಡುಗನಿಗೆ ಏಳೆಂಟು ವರ್ಷವಾಗಿದ್ದಾಗ ನನ್ನ ಮದುವೆಯ ಮಾತು ಎದ್ದಿತು. ಗಂಡು ಮತ್ತೆ ಮನೆಯೊಳಗೇ. ನನ್ನ ತಾಯಿಯ ತಮ್ಮ. ಒಪ್ಪಿಗೆಯ ದಿನ ನನ್ನನ್ನು ಮಣೆಯ ಮೇಲೆ ಕೂರಿಸಿ ಅಕ್ಕಿ, ಅರಿಶಿನಕೊಂಬು, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದರು. ಮಕ್ಕಳನ್ನು ಕಳಕೊಂಡವಳು ಅಡುಗೆಮನೆ ದಾಟಿ ಬರಬಾರದು ಎಂದು ದೊಡ್ಡವ್ವನಿಗೆ ಮೊದಲೇ ಹೇಳಿಟ್ಟಿದ್ದರು. ಆದರೂ ಬಂದಳು.

"ಈ ಹುಡುಗೀನ್ನ ಮನ್ಯಾಗ ಕೊಡಬ್ಯಾಡ್ರಿ. ನನ್ನ ಕೂಸುಗಳು ಗ್ರಹಣದಿಂದ ಹೋಗಿಲ್ರಿ," ಅಂದಳು.

"ಮತ್ತ ಯಾತರಿಂದ ಹೋದ್ವು?" ಎಂದು ಮುದುಕಿ ಗದರಿದಳು.

ದೊಡ್ಡವ್ವ ಚಿಗವ್ವನ ಕಡೆ ಕೈ ತೋರಿಸಿದಳು. "ಈಕಿ ಬಸರಿದ್ದಾಗ ಗ್ರಹಣ ಬಂತು. ನೀವೆಲ್ಲ ಗಾಡಿ ಕಟ್ಕೊಂಡು ಹಂಪಿ ಹೊಳಿಗೆ ಸ್ನಾನಕ್ಕ ಹೋಗಿದ್ರಿ. ಈಕೀನ್ನ ಕಾಯಾಕ ನನ್ನ ಬಿಟ್ಟಿದ್ರಿ. ಹಸಿವಿ ತಡೀಲಾರದ ಎದ್ದು, ಮೊಣಕಾಲಿಗೆ ಒತ್ತಿ ಕಬ್ಬು ಮುರದ್ಲು. ನಾ ಬಾಗ್ಲಾಗ ನಿಂತಿದ್ದೆ. ಬ್ಯಾಡ ಅನ್ಲಿಲ್ಲ. ಹೊಟ್ಟಿಕಿಚ್ಚಿಗೆ ಸುಮ್ಮನಿದ್ನೋ, ಖರೆ ಏನಂತ ತಿಳೀಲಿ ಅಂತ ಸುಮ್ಮನಿದ್ನೋ, ನನಗ ಗೊತ್ತಿಲ್ಲ. ಕೂಸಿನ ಕತ್ತು ನಿಲ್ಲೋತನಕ ನನಗ ನಿದ್ದಿ ಹತ್ತಲಿಲ್ಲ. ಅದು ನೆಟ್ಟಗ ನಿಂತಿತು. ಈಕಿ ಹೊರಗಿನಾಕಿ, ನಾ ಒಳಗಿನಾಕಿ. ಫರಕು ಅಷ್ಟ ರೀ."

ಗಂಡಸರು ಇವಳಿಗೆ ತಲೆ ಕೆಟ್ಟಿದೆ ಎಂದರು. ದೊಡ್ಡವ್ವನ ಆ ಮೂರೂ ಬಾಣಂತನ ಮಾಡಿದವಳು ನನ್ನವ್ವ. ಎದ್ದು ಬಂದು, ನನ್ನ ಉಡಿಯೊಳಗಿನ ಕೊಬ್ಬರಿ ಬಟ್ಟಲುಗಳನ್ನು ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಿದಳು. ಮದುವೆ ಅಲ್ಲಿಗೇ ಮುರಿಯಿತು. ಚಿಗವ್ವ ಮಗನನ್ನು ಎಳೆದುಕೊಂಡು ಸೆರಗಿನಲ್ಲಿ ಮುಚ್ಚಿದಳು. "ನನ್ನ ಹೊಟ್ಯಾಗಿನ ಕೂಸಿನ ಮ್ಯಾಲೆ ಪರೀಕ್ಷಾ ಮಾಡಿದೇನ? ಇನ್ನ ಇವನ್ನ ಮುಟ್ಟಬ್ಯಾಡ," ಅಂದಳು. ಅವಳದು ತಪ್ಪು ಎಂದು ಇವತ್ತಿಗೂ ನನಗೆ ಹೇಳಲಾಗುವುದಿಲ್ಲ.

ದೊಡ್ಡವ್ವ ಅಂದಿನಿಂದ ನಮ್ಮ ಮನೆಯಲ್ಲೇ ಉಳಿದುಬಿಟ್ಟಳು. ಓಣಿಯಲ್ಲಿ ಆ ಹುಡುಗನ ದನಿ ಕೇಳಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಎದ್ದು ಹೋಗಿ ನೋಡುತ್ತಿರಲಿಲ್ಲ.

ನನ್ನನ್ನು ಮೆಟ್ರಿಯ ಒಂದು ಹೊರಗಿನ ಮನೆಗೆ ಕೊಟ್ಟರು. ಮಕ್ಕಳಾದವು, ಎಲ್ಲವೂ ನೆಟ್ಟಗೆ ಬೆಳೆದವು. ದೊಡ್ಡವ್ವನ ಕೂಸುಗಳದು ರಕ್ತದಲ್ಲಿ ಇಳಿದು ಬರುವ ರೋಗ, ಸಂಬಂಧದೊಳಗೆ ಮದುವೆಯಾದವರೆಲ್ಲರ ಮಕ್ಕಳಿಗೂ ಬರುವುದಿಲ್ಲ ಎಂದು ಈಗಿನ ಡಾಕ್ಟರುಗಳು ಹೇಳುತ್ತಾರೆ. ಇರಬಹುದು. ನನ್ನ ಕನಸಿಗೆ ಮಾತ್ರ ಇನ್ನೂ ಕೆಲವು ಕೂಸುಗಳು ಕತ್ತು ವಾಲಿಸಿಕೊಂಡು ಬರುತ್ತವೆ. ಅವು ದೊಡ್ಡವ್ವನವಲ್ಲ. ಆ ಮದುವೆಯಾಗಿದ್ದರೆ ನನಗೆ ಹುಟ್ಟಬೇಕಾಗಿದ್ದವು.

ದೊಡ್ಡವ್ವ ಹಾಸಿಗೆ ಹಿಡಿದಾಗ ಆ ಹುಡುಗನನ್ನು ಒಮ್ಮೆ ನೋಡಬೇಕು ಅಂದಳು. ನಾನೇ ಹೋಗಿ ಕರೆದೆ. ಮೀಸೆ ಮೂಡಿದ ಹುಡುಗ ಹೊಸ್ತಿಲಲ್ಲೇ ನಿಂತು, "ಆಕಿ ನನಗೇನಾಗಬೇಕು?" ಅಂದ. ಬರಿಗೈಯಲ್ಲಿ ತಿರುಗಿ ಬಂದೆ. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

"ಅಳಬ್ಯಾಡ," ಅಂದಳು. "ಅವನ್ನ ಕೊಟ್ಟು ನಿನ್ನ ಉಳಿಸ್ಕೊಂಡೀನಿ. ಇಬ್ಬರೂ ಬೇಕಂದ್ರ ಹೆಂಗವ್ವ?"

ಮಣ್ಣಿಗೂ ಅವನು ಬರಲಿಲ್ಲ. ನನ್ನ ಹಿರಿಯ ಮಗ ಮುಂದೆ ಬಂದು ಮೊದಲ ಹಿಡಿಮಣ್ಣು ಹಾಕಿದ.