ಗಾಡಿ ಬಿಡುವವರು ಯಾರು?

ಮೊನ್ನೆ ಸೋಮವಾರ, ಬೆಳಗಿನ ಏಳೂವರೆ. ಕೊಟ್ಟೂರು ಸ್ಟೇಷನ್ನಿನ ಬೆಂಚಿನ ಮೇಲೆ ಇದ್ದವರು ನಾನು ಮತ್ತು ನನ್ನ ಅಣ್ಣ. ಅವನ ಕಣ್ಣು ತೋರಿಸಲು ಹೊಸಪೇಟೆಗೆ ಹೊರಟಿದ್ದೆವು. ಗಾಡಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಹಗರಿಬೊಮ್ಮನಹಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು ನಾನು. ಬೇಗ ಹೋಗಿ ಕೂಡುವುದು ನನಗೆ ರೂಢಿ, ಜೊತೆಗೆ ಬಂದವರಿಗೆ ಶಿಕ್ಷೆ.

ಗಾಡಿ ಬಂದು ನಿಂತಾಗ ಕೊನೆಯ ಡಬ್ಬಿಯಿಂದ ಬಿಳಿ ಬಟ್ಟೆಯ ತರುಣನೊಬ್ಬ ಇಳಿದ. ಎದೆಯ ಪಟ್ಟಿಯ ಮೇಲೆ ‘ಟ್ರೇನ್ ಮ್ಯಾನೇಜರ್’ ಎಂದಿತ್ತು. ಗಾರ್ಡ್ ಎಂಬ ಹೆಸರು ಹೋಗಿ ಇದು ಬಂದಿದೆ ಎಂದು ಅಣ್ಣನಿಗೆ ಹೇಳಿದೆ.

“ಆವಾಗ್ಲೇ ಈ ಹೆಸರು ಇಟ್ಟಿದ್ರ ನಾ ಅಷ್ಟು ಜಗಳಾ ತೆಗೀತಿರಲಿಲ್ಲ ನೋಡು ತಂಗೆವ್ವ,” ಎಂದ.

“ತೆಗೀತಿದ್ದಿ. ನಿನಗ ಬ್ಯಾರೆ ಕಾರಣ ಸಿಗ್ತಿತ್ತು,” ಎಂದೆ.

ಆ ಜಗಳ ತೊಂಬತ್ತರ ದಶಕದ ಆರಂಭದ್ದು. ಆಗ ನಮ್ಮದು ಮೀಟರ್ ಗೇಜ್. ಪ್ಯಾಸೆಂಜರ್ ಗಾಡಿ ಏದುಸಿರು ಬಿಡುತ್ತ ಹೊಸಪೇಟೆ ಮುಟ್ಟುತ್ತಿತ್ತು. ಅಣ್ಣನ ಮಗಳು ಗಿರಿಜಾ ಅಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದವಳು, ವಾರಕ್ಕೊಮ್ಮೆ ಅದರಲ್ಲೇ ಊರಿಗೆ ಬರುತ್ತಿದ್ದಳು. ಅದೇ ಗಾಡಿಯ ಗಾರ್ಡ್ ಚಂದ್ರಶೇಖರನ ಮನೆಯವರು ಅವಳನ್ನು ಕೇಳಿದರು. ನಮ್ಮ ಪೈಕಿಯವರೇ. ಹುಡುಗಿಯೂ ಒಪ್ಪಿದ್ದಳು. ಒಪ್ಪದವನು ಅಣ್ಣನೊಬ್ಬನೇ.

ಅಣ್ಣನದು ಶೇಂಗಾ ವ್ಯಾಪಾರ. ಸಭೆಯಿರಲಿ, ಮೆರವಣಿಗೆಯಿರಲಿ, ಮುಂದೆ ಇರುವವನು ದೊಡ್ಡವನು ಎಂಬುದು ಅವನ ಲೆಕ್ಕ. “ಎಂಜಿನ್ನಿನ್ಯಾಗ ಕೂಡಾಂವ ಆಗಿದ್ರ ಕೊಡ್ತಿದ್ದೆ. ಕರಿಕೋಟಿನ ಟಿಸಿ ಆಗಿದ್ರೂ ಕೊಡ್ತಿದ್ದೆ. ಬಾಲದಾಗ ಕೂಡಾಂವಗ ಮಗಳನ್ನ ಕೊಡ್ಲೇನು?” ಎಂದು ಕೂಗಾಡಿದ. ಫೋಟೋವನ್ನು ಸಹ ಕೈಯಲ್ಲಿ ಹಿಡಿಯಲಿಲ್ಲ.

ಗಿರಿಜಾ ನನ್ನ ಹಾಸ್ಟೆಲಿಗೆ ಬಂದಳು. “ಅತ್ತಿ, ಶುಕ್ರವಾರ ಅಪ್ಪ ದಾವಣಗೆರಿ ಅಂಗಡಿಯವರಿಗೆ ಮಾತು ಕೊಡ್ತಾನಂತ. ಏನರ ಮಾಡು,” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳುವ ಹುಡುಗಿಯರನ್ನು ಸಂಭಾಳಿಸಿ ಗೊತ್ತಿತ್ತು.

ಅಣ್ಣನಿಗೆ ಹೇಳಿ ಪ್ರಯೋಜನವಿಲ್ಲ, ತೋರಿಸಬೇಕು. ಗುರುವಾರ ಅವನನ್ನು ಅದೇ ಗಾಡಿ ಹತ್ತಿಸಿ ನಾನೂ ಜೊತೆಗೆ ಹೊರಟೆ. ಹುಡುಗನಿಗೆ ಅಣ್ಣನ ಗುರುತಿರಲಿಲ್ಲ, ಅವನಿಗೆ ನಾವು ಹೇಳಲೂ ಇಲ್ಲ. ದಾರಿಯುದ್ದಕ್ಕೂ ಪಾಠ ಮಾಡಿದೆ: ಓಡಿಸುವವನು ಡ್ರೈವರ್, ಅವನ ಜೊತೆಗೊಬ್ಬ ಸಹಾಯಕ, ಟಿಕೀಟು ನೋಡುವವನು ಟಿಸಿ, ದಾರಿ ಕೊಡುವವರು ಸ್ಟೇಷನ್ ಮಾಸ್ತರರು, ಹಳಿ ಕೂಡಿಸುವವನು ಪಾಯಿಂಟ್ಸ್‌ಮನ್. ಇವರೆಲ್ಲ ಸೇರಿ ಒಂದು ಗಾಡಿ ಬಿಡುವುದನ್ನು ನೋಡಿದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ. ನನ್ನ ಹಾಸ್ಟೆಲಿನಲ್ಲಿ ಒಂದು ಉಪ್ಪಿಟ್ಟು ಹೊತ್ತಿಗೆ ಸರಿಯಾಗಿ ಇಳಿಯುತ್ತಿರಲಿಲ್ಲ. ಅಣ್ಣ ಮಾತ್ರ ಆಕಳಿಸಿ, “ಎಲ್ಲಾ ಖರೆ. ದೊಡ್ಡಾಂವ ಯಾರು?” ಎಂದ.

ಹಗರಿಬೊಮ್ಮನಹಳ್ಳಿಯಲ್ಲಿ ಗಾಡಿ ನಿಂತದ್ದೇ ತಡ, ಧೋತರ ಎತ್ತಿಕೊಂಡು ಇಳಿದು ನೇರ ಎಂಜಿನ್ನಿನ ಬಳಿಗೆ ಹೋದ. ದೊಡ್ಡವನನ್ನೇ ಕೇಳಿಬಿಡೋಣ ಎಂದು. ಹಟ ಕಂಡು ನಾನೂ ಹಿಂದೆ ಇಳಿದೆ. ಡ್ರೈವರ್ ವಯಸ್ಸಾದ ಮನುಷ್ಯ, ಕಿಟಕಿಯಿಂದ ಬಗ್ಗಿ ಸಮಾಧಾನವಾಗಿ ಉತ್ತರ ಕೊಡುತ್ತಿದ್ದರು. ಸಿಗ್ನಲ್ ಬಿತ್ತು. ಎಂಜಿನ್ ಸಿಳ್ಳು ಹಾಕಿತು. ಗಾಡಿ ಕದಲಲಿಲ್ಲ. ಎರಡನೆಯ ಸಿಳ್ಳಿಗೂ ಇಲ್ಲ. ಕಿಟಕಿಗಳಿಂದ ತಲೆಗಳು ಹೊರಬಂದವು.

“ಯಾಕ್ರಿ ಬಿಡವಲ್ರಿ? ಹೊತ್ತಾತು!” ಎಂದು ಅಣ್ಣ ಡ್ರೈವರನ್ನೇ ಗದರಿದ.

“ನಾ ಬಿಡಾಕ ಬರಂಗಿಲ್ರಿ ಯಜಮಾನ್ರ. ಹಿಂದಿನ ಸಾಹೇಬ್ರು ಹಸಿರು ಬಾವುಟ ತೋರಸಬೇಕು.”

“ಅಂವ ಮಲಗ್ಯಾನೇನು ಅಲ್ಲಿ?”

ಅಷ್ಟರಲ್ಲಿ ಪಾಯಿಂಟ್ಸ್‌ಮನ್ ಓಡಿ ಬಂದ. “ಯಜಮಾನ್ರ, ಲಗೂನ ಹತ್ರಿ. ನೀವು ಕೆಳಗ ಅದೀರಿ, ನೀವು ಹತ್ತೂತನಕ ಗಾಡಿ ಬಿಡಂಗಿಲ್ಲಂತ ಗಾರ್ಡ್ ಸಾಹೇಬ್ರು ಹೇಳಿ ಕಳಿಸ್ಯಾರ.”

ಅಣ್ಣ ತಿರುಗಿ ನೋಡಿದ. ಗಾಡಿಯ ಆ ತುದಿಯಲ್ಲಿ ಒಂದು ಬಿಳಿ ಅಂಗಿ ಹೊರಬಾಗಿ ನಮ್ಮನ್ನೇ ನೋಡುತ್ತಿತ್ತು. ಬಾವುಟ ಸುತ್ತಿಕೊಂಡೇ ಇತ್ತು. ಡ್ರೈವರ್ ನಕ್ಕರು. ನಾನು ನಗಲಿಲ್ಲ, ನಕ್ಕಿದ್ದರೆ ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು. ಅಣ್ಣ ಹತ್ತಿರದ ಡಬ್ಬಿ ಹತ್ತಿದ, ನಾನೂ ಹತ್ತಿದೆ. ಆಮೇಲೆ ಹಸಿರು ಬಾವುಟ ಬಿಚ್ಚಿಕೊಂಡಿತು.

ಹೊಸಪೇಟೆ ಬಂತು. ಅಣ್ಣ ಇಳಿದವನೇ ಜನರಿಗೆ ಎದುರಾಗಿ ನಡೆದು ಕೊನೆಯ ಡಬ್ಬಿಯ ಮುಂದೆ ನಿಂತ.

“ಊಟ ಎಲ್ಲಿ ಮಾಡ್ತೀಯಪ್ಪ?”

ಚಂದ್ರಶೇಖರ ಗಲಿಬಿಲಿಗೊಂಡ. “ನಾನ ಮಾಡ್ಕೊಂತೀನ್ರಿ. ಅನ್ನ, ಸಾರು. ಯಾಕ್ರಿ?”

“ಬರೇ ಅನ್ನ ಸಾರೇನು? ರೊಟ್ಟಿ ತಿನ್ನಬೇಕಪ್ಪ,” ಎಂದು ಅಣ್ಣ ತನ್ನ ಬುತ್ತಿಯ ಗಂಟನ್ನೇ ಅವನ ಕೈಗೆ ಕೊಟ್ಟ. ಹೊರಗೆ ಬಂದ ಮೇಲೆ ನನ್ನತ್ತ ನೋಡದೆ, “ದಾವಣಗೆರಿಯವರಿಗೆ ಬ್ಯಾಡ ಅಂತ ಫೋನ್ ಹಚ್ಚು,” ಎಂದ. ಸ್ಟೇಷನ್ನಿನ ಎದುರಿನ ಬೂತಿನಿಂದಲೇ ಹಚ್ಚಿದೆ. ಅವನ ಮನಸ್ಸಿಗೆ ಹೆಚ್ಚು ಹೊತ್ತು ಕೊಡಬಾರದು.

ಮೊನ್ನೆ ಹೊಸಪೇಟೆಯಲ್ಲಿ ನಮ್ಮನ್ನು ಇಳಿಸಿಕೊಳ್ಳಲು ಬಂದವನು ಅಳಿಯ ಚಂದ್ರಶೇಖರನೇ. ಈಗ ಪಿಂಚಣಿದಾರ, ಕೂದಲು ಪೂರ್ತಿ ಬೆಳ್ಳಗಾಗಿದೆ. ಆಸ್ಪತ್ರೆಯಲ್ಲಿ ಅಣ್ಣನ ಕಣ್ಣಿಗೆ ಹನಿ ಹಾಕಿದ್ದರಿಂದ ಸಂಜೆಯವರೆಗೆ ಎಲ್ಲವೂ ಮಂಜು. ಹೊರಗೆ ಬರುವಾಗ ಮೆಟ್ಟಿಲ ತುಂಬ ಜನ. ನಾನು ಕೈ ಹಿಡಿಯಹೋದರೆ ಕೊಸರಿಕೊಂಡ.

“ಬಿಡವ್ವ. ಹಿಂದ ಚಂದ್ರಶೇಖರ ಅದಾನಲ್ಲ?”

“ಅದೀನ್ರಿ ಮಾವ.”

ಅಷ್ಟು ಕೇಳಿಕೊಂಡು, ಏನೂ ಕಾಣದ ಅಣ್ಣ ಎಲ್ಲರಿಗಿಂತ ಮುಂದೆ ಇಳಿದು ನಡೆದ. ನಾನು ಔಷಧಿ ಚೀಟಿ ಮಡಿಸಿ ಚೀಲಕ್ಕೆ ಹಾಕಿ ಜಿಪ್ ಎಳೆದೆ. ಆ ದಿನದ ನನ್ನ ಕೆಲಸ ಮುಗಿದಿತ್ತು.