ಪರದೆಯ ಮೂಲೆಯಲ್ಲಿ ಎರಡು ಗೀರು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ, ಅದೂ ನನ್ನ ಮರ್ಯಾದೆ ಹೋಗುವಂಥದ್ದು...

ನಾನು ಇಳಕಲ್ಲಿನ ಒಂದು ಟಾಕೀಸಿನಲ್ಲಿ ಆಪರೇಟರ್. ನಾನು, ಮಾಂತೇಶ ಇಬ್ಬರೂ ಖಾದರ್ ಚಾಚಾನ ಕೈಕೆಳಗೆ ಕಲಿತವರು. ಆಗ ರೀಲು ಮುಗಿಯುತ್ತ ಬಂತೆಂದು ಗೊತ್ತಾಗಲು ಫಿಲ್ಮಿನ ಮೂಲೆಗೆ ಸೂಜಿಯಿಂದ ಗೀರು ಹಾಕುತ್ತಿದ್ದೆವು. ಚಾಚಾ ಒಬ್ಬೊಬ್ಬರಿಗೆ ಒಂದೊಂದು ಗುರುತು ಕೊಟ್ಟಿದ್ದ. ಮಾಂತೇಶನದು ಸುತ್ತು, ನನ್ನದು ಎರಡು ಓರೆ ಗೀರು. ರೀಲು ಬಾದಾಮಿಗೆ ಹೋಗಲಿ, ಗುಡೂರಿಗೆ ಹೋಗಲಿ, ಯಾರ ಕೈ ದಾಟಿ ಬಂದಿದೆಯೆಂದು ತಿಳಿಯುತ್ತಿತ್ತು.

ಸಾಯುವ ಮುಂಚೆ ಚಾಚಾ ತನ್ನ ಸೂಜಿಯನ್ನು ಮಾಂತೇಶನಿಗೆ ಕೊಟ್ಟ. ನನಗಲ್ಲ. ಅವತ್ತಿನಿಂದ ನನಗೆ ಹೊಟ್ಟೆಯುರಿ. ಈಚೆಗೆ ನಮ್ಮ ಮಾಲೀಕರು ತಮ್ಮ ಹುನಗುಂದದ ಟಾಕೀಸಿನ ಹೊಸ ಮಷೀನನ್ನೂ ಅವನ ಕೈಗೇ ಒಪ್ಪಿಸಿದರು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಈಗ ರೀಲಿಲ್ಲ. ಆದರೆ ಪ್ರತಿ ಟಾಕೀಸಿನ ಕಾಪಿಯಲ್ಲೂ ಕಣ್ಣಿಗೆ ಕಾಣದ ಗುರುತು ಇರುತ್ತದೆ. ಯಾರಾದರೂ ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟರೆ, ಯಾವ ಟಾಕೀಸಿನದೆಂದು ಕಂಪನಿಯವರು ಪತ್ತೆ ಹಚ್ಚುತ್ತಾರೆ. ಅಲ್ಲಿನ ಆಪರೇಟರನ ಕೆಲಸ ಹೋದಂತೆಯೇ. ನನಗೆ ಬೇಕಾದದ್ದೂ ಅದೇ. ಎದುರಿನವನಿಗೆ ಅಪಶಕುನವಾಗಲಿ ಎಂದು ಒಬ್ಬ ಮೂಗು ಕೊಯ್ದುಕೊಂಡನಂತೆ. ನಾನೂ ಅಂಥವನೇ.

ಹುನಗುಂದಕ್ಕೆ ಸೆಕೆಂಡ್ ಶೋಗೆ ಹೋದೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ಕೊನೆಯ ಸಾಲಿನಲ್ಲಿ ಕೂತು, ತಲೆ ತಗ್ಗಿಸಿ ಅರ್ಧ ತಾಸು ಮೊಬೈಲಿನಲ್ಲಿ ಹಿಡಿದೆ. ನಡುವೆ ಒಮ್ಮೆ ಫಿಲ್ಮ್ ಅಂಟಿಸುವ ಸೊಲ್ಯೂಷನ್ನಿನ ಘಾಟು ಮೂಗಿಗೆ ಬಡಿಯಿತು... ಆ ವಾಸನೆ ಮರೆತು ಎಷ್ಟೋ ವರ್ಷವಾಗಿತ್ತು.

ಮನೆಗೆ ಬಂದು, ಹರಿಬಿಡುವ ಮುಂಚೆ ವಿಡಿಯೊ ಹಾಕಿ ನೋಡಿದೆ. ಇಪ್ಪತ್ತನೇ ನಿಮಿಷಕ್ಕೆ ಟರ್ರ್... ಟರ್ರ್... ರೀಲು ತಿರುಗುವ ಸದ್ದು. ಪರದೆಯ ಬಲ ಮೂಲೆಯಲ್ಲಿ ಎರಡು ಓರೆ ಗೀರು ಮಿಂಚಿ ಮಾಯವಾದವು.

ಹಿಂದಕ್ಕೆಳೆದು ಮತ್ತೆ ನೋಡಿದೆ. ಅವೇ. ಎರಡನೆಯದು ತುಸು ಗಿಡ್ಡ... ನನ್ನ ಕೈ ಯಾವಾಗಲೂ ಅಲ್ಲೇ ಜಾರುತ್ತಿತ್ತು. ಕೂಡಲೇ ವಿಡಿಯೊ ಅಳಿಸಿದೆ.

ಮುಂಜಾನೆ ಮಾಂತೇಶನ ಫೋನು.

"ಬಸು, ರಾತ್ರಿ ಪರದೆ ಮ್ಯಾಲ ನಿನ್ನ ಗೀರು ಬಂದ್ವಲೇ," ಎಂದ, ಸಣ್ಣ ದನಿಯಲ್ಲಿ.

"ಹುಚ್ಚ ಹಿಡದೈತೇನು? ಈಗೆಲ್ಲೈತಿ ಫಿಲ್ಮು?"

"ನಾನೂ ಹಂಗ ಅಂದ್ಕೊಂಡೆ. ಚಾಚಾನ ಸೂಜಿ ಡಬ್ಬಿ ತಗದು ನೋಡಿದೆ... ತುದಿಗೆ ಫಿಲ್ಮಿನ ಕರೀ ಪುಡಿ ಹತ್ತೇತಿ. ಈಗ ಗೀರಿದಂಗ. ಖರೆ ಹೇಳು. ನಿನ್ನಿ ನೀ ಬಂದಿದ್ದೇನು?"

"ಇಲ್ಲ," ಎಂದೆ.

ಆ ಕಡೆಯಿಂದ ಡಬ್ಬಿ ಮುಚ್ಚಿದ ಸದ್ದು ಕೇಳಿಸಿತು.

"ಆತು ಬಿಡು. ಸೂಜಿ ನೀನ ಇಟ್ಕೋ. ಚಾಚಾ ನಿನ್ನ ಕೇಳಾಕತ್ತಾನ."

ಅದೇ ದಿನ ಬಸ್ಸಿನಲ್ಲಿ ಡಬ್ಬಿ ಬಂತು. ಇಷ್ಟು ವರ್ಷ ಅದಕ್ಕಾಗಿ ಉರಿದವನು ನಾನು, ಇವತ್ತಿನವರೆಗೂ ಮುಚ್ಚಳ ತೆಗೆದಿಲ್ಲ. ಸೆಕೆಂಡ್ ಶೋ ಬಿಟ್ಟು ಮನೆಗೆ ಬಂದಾಗ ಒಮ್ಮೊಮ್ಮೆ ಅದರೊಳಗೆ ಗೀರುವ ಸದ್ದು ಕೇಳುತ್ತದೆ... ಒಂದು ಉದ್ದಕ್ಕೆ, ಇನ್ನೊಂದು ತುಸು ಗಿಡ್ಡ.