ಅಕ್ಕ ಸುಮ್ಮನಾದ ಮೇಲೆ

ಅಕ್ಕನಿಗೆ ಮೊದಲು ದನಿಗಳು ಕೇಳಿಸಿದ್ದು ಗುಂಡ್ಲುಪೇಟೆ ಕಡೆ ಚೆಂಡುಹೂ ಕೀಳಲು ಹೋಗುತ್ತಿದ್ದಾಗ. ಸಾಲುಗಳ ನಡುವೆ ಯಾರೋ ಇಬ್ಬರು ಗಂಡಸರು ತನ್ನನ್ನೇ ಆಡಿಕೊಳ್ಳುತ್ತಾರೆ ಎನ್ನುತ್ತಿದ್ದಳು. ಆಮೇಲೆ ಅವರು ಹರದನಹಳ್ಳಿಯ ನಮ್ಮ ಮನೆಗೂ ಬಂದರು. ನಲ್ಲಿಯ ನೀರಿಗೆ ಏನೋ ಬೆರೆಸಿದ್ದಾರೆಂದು ಅಕ್ಕ ತುಂಬಿದ ಕೊಡ ಚೆಲ್ಲುತ್ತಿದ್ದಳು. ಸೂರಿನ ಕಡೆ ನೋಡಿ ಬಯ್ಯುತ್ತಿದ್ದಳು. ಬಸ್ಸು, ಹೂವು, ಸತ್ತ ಅಜ್ಜಿ ಎಲ್ಲ ಒಂದೇ ಉಸಿರಿನಲ್ಲಿ ಕಲಸಿಹೋಗುತ್ತಿದ್ದವು.

ಚಾಮರಾಜನಗರದ ಡಾಕ್ಟರು ಅವ್ವನಿಗೂ ನನಗೂ ಬಿಡಿಸಿ ಹೇಳಿದರು: "ಈ ಕಾಯಿಲೆಯಲ್ಲಿ ಇಲ್ಲದ್ದು ಬಂದು ಸೇರ್ಕೊಳ್ಳುತ್ತೆ. ದನಿ, ಅನುಮಾನ, ಮಾತು ಕಲಸೋದು. ಅದು ಎದ್ದು ಕಾಣುತ್ತೆ. ಇನ್ನೊಂದು, ಇದ್ದದ್ದು ಹೋಗೋದು. ನಗು, ಆಸೆ, ಮಾತು. ಅದು ಯಾರ ಕಣ್ಣಿಗೂ ಬೀಳಲ್ಲ. ಮೊದಲನೆಯದು ಮಾತ್ರೆಗೆ ಕೇಳುತ್ತೆ, ಎರಡನೆಯದು ಅಷ್ಟಾಗಿ ಕೇಳಲ್ಲ."

ದನಿಗಳು ನಿಂತವು. ಅಕ್ಕ ಬಾಗಿಲ ಬಳಿಯ ಗೋಡೆಗೆ ಒರಗಿ ಕೂತಳು. ಎಬ್ಬಿಸಿದರೆ ಏಳುವಳು, ಬಡಿಸಿದರೆ ತಿನ್ನುವಳು. ಮಗಳು ಹುಷಾರಾದಳೆಂದು ಅವ್ವ ಮಾದಪ್ಪನಿಗೆ ಹೊತ್ತಿದ್ದ ಹರಕೆ ತೀರಿಸಲು ಪರ ಮಾಡಿದಳು, ಬೀದಿಗೆಲ್ಲ ಊಟ.

"ಎಂಥ ಸಾಧು ಆಗ್ಬುಟ್ಟವ್ಳೆ ಕಣವ್ವ ನಿನ್ ಮಗಳು," ಎಂದಳು ಪಕ್ಕದ ಮನೆಯ ಅಜ್ಜಿ.

ಸೋದರಮಾವ ಎಲೆಯ ಮುಂದೆ ಕೂತು ಅಕ್ಕನನ್ನು ಕೆಣಕಿದ: "ನಿನ್ ಕೈಲಿ ಬೈಸ್ಕಳ್ದೆ ಪಾಯ್ಸ ಒಳೀಕೇ ಇಳೀತಿಲ್ಲ ಕಣಮ್ಮಿ. ಒಂದ್ಸಲ ಮುದಿ ಗೂಬೆ ಅನ್ನು, ನೋಡನ."

ಎಲ್ಲರೂ ನಕ್ಕರು. ಅಕ್ಕ ತನ್ನ ಎಲೆಯನ್ನೇ ನೋಡುತ್ತಿದ್ದಳು.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಅವಳು ತಿಂಡಿ ಮುಟ್ಟಲಿಲ್ಲ. ಮೈ ಸುಡುತ್ತಿತ್ತು. ಹೊಟ್ಟೆಯೊಳಗೆ ಕರುಳು ಒಡೆದು ಕೀವು ಹರಡಿದೆ, ನೋವು ಶುರುವಾಗಿ ದಿನಗಳೇ ಆಗಿರಬೇಕು ಎಂದರು ಆಸ್ಪತ್ರೆಯಲ್ಲಿ. "ಏನೂ ಹೇಳಲಿಲ್ವಾ?" ಎಂದು ಕೇಳಿದರು.

"ಸುಮ್ನೆ ಕೂತಿದ್ಲು ಸಾ, ಚೆನ್ನಾಗೇ ಇದ್ಲು," ಎಂದಳು ಅವ್ವ.

ಸಂಜೆಗೆ ಅಕ್ಕ ಹೋದಳು.

ಈಗಲೂ ಕಸ ಗುಡಿಸುತ್ತಾ ಬಾಗಿಲ ಬಳಿ ಬಂದಾಗ ಅವ್ವ ಪೊರಕೆ ನಿಲ್ಲಿಸುತ್ತಾಳೆ. ಗೋಡೆಯಲ್ಲಿ ಅಕ್ಕನ ತಲೆ ಒರಗಿದ್ದ ಎಣ್ಣೆಯ ಕಲೆ ಇದೆ. ಸುಣ್ಣ ಹೊಡೆಸಲು ಬಿಟ್ಟಿಲ್ಲ. ಕಲೆಯ ಕೆಳಗೆ, ಹೊಟ್ಟೆ ಇರಬೇಕಾದಷ್ಟು ಎತ್ತರದಲ್ಲಿ ಅಂಗೈ ಇಟ್ಟು ಕೇಳುತ್ತಾಳೆ, "ನೋಯ್ತದಾ ಮಗ?"

ನಾನು ಒಲೆಯ ಮುಂದೆ ಪಾತ್ರೆಯ ಸದ್ದು ಮಾಡದೆ ನಿಲ್ಲುತ್ತೇನೆ. ಅವಳಿಗೆ ಉತ್ತರ ಕೇಳಿಸದೆ ಹೋಗಬಾರದು.